ಎಡಗಾಲಿನ ಚಪ್ಪಲಿ

ನಮ್ಮ ಊರಿನಲ್ಲಿ ಒಬ್ಬರ ಯೋಗ್ಯತೆ ತಿಳಿಯಬೇಕಾದರೆ ಅವರ ಮನೆಯೊಳಗೆ ಹೋಗಿ ಕಾಫಿ ಕುಡಿಯುವ ಅಗತ್ಯವಿಲ್ಲ. ಗೇಟಿನ ಹತ್ತಿರ ನಿಂತು ಚಪ್ಪಲಿ ಎಣಿಸಿದರೆ ಆಯಿತು. ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಗಳಲ್ಲ, ಗೇಟಿನ ಕಂಬಕ್ಕೆ ತಂತಿಯಲ್ಲಿ ಕಟ್ಟಿ ನೇತುಹಾಕಿದ ಚಪ್ಪಲಿಗಳು. ಒಂದು ಜೊತೆ ಚಪ್ಪಲಿ ಇದೆ ಎಂದರೆ, ಆ ಮನೆಯವರು ಸುರಿದುಕೊಟ್ಟ ಗ್ಲಾಸು ಕುಡಿದು ಒಬ್ಬರು ಹಡಗಿನಿಂದ ಸಮುದ್ರಕ್ಕೆ ಬಿದ್ದಿದ್ದಾರೆ, ಬಿದ್ದವರು ಆಮೇಲೆ ಆ ಮನೆಯ ಬಾವಿಯಲ್ಲಿ ಎದ್ದಿದ್ದಾರೆ ಎಂದು ಅರ್ಥ. ಹೆಣ್ಣು ನೋಡಲು ಬರುವವರು ಜಾತಕಕ್ಕಿಂತ ಮೊದಲು ಗೇಟು ನೋಡುತ್ತಾರೆ.

ನನ್ನ ಹೆಸರು ಗುಲಾಬಿ. 'ಸಾಗರಸುಂದರಿ' ಎಂಬ ವಿಹಾರದ ಹಡಗಿನಲ್ಲಿ ಒಂಬತ್ತು ವರ್ಷ ಪ್ರಯಾಣಿಕರಿಗೆ ಮದ್ಯ ಸುರಿದುಕೊಡುವ ಕೆಲಸ ನನ್ನದಾಗಿತ್ತು. ಒಂಬತ್ತು ವರ್ಷದಲ್ಲಿ ನನ್ನ ಗೇಟಿಗೆ ಒಂದೇ ಒಂದು ಚಪ್ಪಲಿ ಬಿದ್ದಿರಲಿಲ್ಲ. ಈ ಮಾತು ಹೇಳುವಾಗ ನನ್ನ ಕುತ್ತಿಗೆ ಎರಡು ಇಂಚು ಉದ್ದವಾಗುತ್ತದೆ ಎಂದು ನನ್ನ ಜೊತೆ ಕೆಲಸ ಮಾಡುವ ಲಿಗೋರಿ ಹೇಳುತ್ತಿದ್ದ. ಉದ್ದವಾದರೆ ಆಗಲಿ. ಊರಿನಲ್ಲಿ ಮದುವೆಯಾದರೆ ಮದುಮಕ್ಕಳ ಸ್ನಾನಕ್ಕೆ ನೀರು ಹೋಗುತ್ತಿದ್ದದ್ದು ನನ್ನ ಬಾವಿಯಿಂದ. ಯಾರೂ ಏಳದ ಬಾವಿಯ ನೀರೇ ಬೇಕು ಎಂದು ಜನ ಕೊಡಪಾನ ಹಿಡಿದು ಸಾಲು ನಿಲ್ಲುತ್ತಿದ್ದರು, ನಾನು ಕಟ್ಟೆಯ ಮೇಲೆ ಕುಳಿತು ಬೀಗುತ್ತಿದ್ದೆ.

ಹಡಗು ಮಧ್ಯಾಹ್ನದ ಊಟವಾದ ಮೇಲೆ ಹೊರಡುತ್ತದೆ, ಸಂಜೆ ಬಿಸಿಲು ಇರುವಾಗಲೇ ಮರಳುತ್ತದೆ. ಕುಡಿದವರು ಯಾರಾದರೂ ಕಂಬಿ ದಾಟಿ ಬಿದ್ದರೆ ಹೊರಗಿನ ಊರಿನವರು ಕಿರುಚುತ್ತಾರೆ, ನಮ್ಮ ಊರಿನವರು ಗಡಿಯಾರ ನೋಡುತ್ತಾರೆ. ಸುರಿದವರು ಯಾರು ಎಂದು ವಿಚಾರಿಸಿ, ಅವರ ಮನೆಗೆ ಫೋನು ಮಾಡಿ, ಒಲೆಯ ಮೇಲೆ ಗಂಜಿಗೆ ನೀರಿಡಲು ಹೇಳುತ್ತಾರೆ. ಸಮುದ್ರಕ್ಕೂ ಅಷ್ಟು ಮರ್ಯಾದೆ ಗೊತ್ತಿದೆ. ಹಡಗು ದಡ ಮುಟ್ಟಿ, ಸುರಿದವರು ಮನೆ ಸೇರಿ, ಹಗ್ಗ ಬಿಚ್ಚಿ ಬಾವಿಕಟ್ಟೆಯ ಮೇಲೆ ನಿಲ್ಲುವವರೆಗೆ ಅದು ಯಾರನ್ನೂ ಕಳಿಸುವುದಿಲ್ಲ. ಮೊದಲು ಚಪ್ಪಲಿ ತೇಲಿ ಬರುತ್ತದೆ, ಜೊತೆಯಾಗಿ. ಆಮೇಲೆ ಮನುಷ್ಯ ಬರುತ್ತಾನೆ. ಬಂದವನು ಒಮ್ಮೆ ಬಿಕ್ಕಳಿಸಿ, ಬೀಳುವಾಗ ಅರ್ಧಕ್ಕೆ ನಿಂತ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಾನೆ. ಒಬ್ಬರು ತಮ್ಮ ಭಾವನ ಜಮೀನಿನ ವ್ಯಾಜ್ಯ ಹೇಳುತ್ತ ಬಿದ್ದಿದ್ದರಂತೆ. ಲಿಗೋರಿಯ ಬಾವಿಯಲ್ಲಿ ಎದ್ದು, "ಆಮೇಲೆ ಆ ವಕೀಲ ಎಂತ ಹೇಳಿದ ಗೊತ್ತುಂಟಾ?" ಎಂದು ಶುರುಮಾಡಿದವರು ಮೂರು ದಿನ ನಿಲ್ಲಿಸಲಿಲ್ಲ. ಮೂರು ದಿನ ಅವರನ್ನು ಮನೆಯಲ್ಲಿಟ್ಟುಕೊಂಡು, ಒಣ ಬಟ್ಟೆ ಕೊಟ್ಟು, ಗಂಜಿ ಚಟ್ನಿ ಹಾಕಿ ನೋಡಿಕೊಳ್ಳುವುದು ಸುರಿದವರ ಪಾಲು. ಚಪ್ಪಲಿ ಮಾತ್ರ ಹಿಂದಕ್ಕೆ ಕೊಡುವ ಕ್ರಮವಿಲ್ಲ. ಅದು ಗೇಟಿಗೆ.

ಒಂದು ಮಾತು ಹೇಳಿಬಿಡುತ್ತೇನೆ. ಬಾವಿಗೆ ಬಂದು ಸೇರಿಸುವಲ್ಲಿಗೆ ಸಮುದ್ರದ ಕೆಲಸ ಮುಗಿಯಿತು. ಆಮೇಲೆ ಅದು ಸಾಮಾನ್ಯ ಬಾವಿ, ಇವರು ಸಾಮಾನ್ಯ ಮನುಷ್ಯರು. ಬೇಗ ಮೇಲೆ ಎಳೆಯಬೇಕು. ಕುಡಿಯದೆ ಬಿದ್ದವರಿಗೆ ಈ ಯಾವ ಸೌಲಭ್ಯವೂ ಇಲ್ಲ, ಅವರು ಟ್ಯೂಬು ಹಿಡಿದು ಈಜಬೇಕು.

ಇದರಿಂದ ತಪ್ಪಿಸಿಕೊಳ್ಳಲು ನಮ್ಮವರು ಮಾಡಿದ ಉಪಾಯ ಒಂದೆರಡಲ್ಲ. ಒಬ್ಬ ಕಣ್ಣುಮುಚ್ಚಿ ಸುರಿದ. ಇನ್ನೊಬ್ಬ, ಕೈ ನನ್ನದಲ್ಲ ಎನ್ನಲು, ಬಾಟಲಿಯನ್ನು ಎರಡು ಮೊಣಕೈಗಳ ನಡುವೆ ಹಿಡಿದು ಸುರಿದ. ಇಬ್ಬರ ಬಾವಿಯಲ್ಲೂ ಜನ ಎದ್ದರು. ಲಿಗೋರಿ ಇಂಥ ಯಾವ ಕಸರತ್ತಿಗೂ ಹೋದವನಲ್ಲ. ಅವನ ಗೇಟಿನಲ್ಲಿ ಹದಿನೇಳು ಜೊತೆ ಇವೆ, ಅದರಲ್ಲಿ ಒಂದು ಎತ್ತರದ ಹಿಮ್ಮಡಿಯದ್ದು. "ಅವರು ಕೇಳಿದ್ರು, ನಾನು ಕೊಟ್ಟೆ. ಬಿದ್ದವರನ್ನು ಎಳೆಯುದೂ ನಾನೇ ಅಲ್ವಾ ಗುಲಾಬಕ್ಕ? ಲೆಕ್ಕ ಸರಿಯಾಯ್ತಲ್ಲ," ಎನ್ನುತ್ತಾನೆ. ಅವನ ಬಾವಿಯಿಂದ ಎದ್ದವರು ಹಬ್ಬಕ್ಕೆ ಸಿಹಿ ತರುತ್ತಾರೆ, ಮಕ್ಕಳ ಮದುವೆಗೆ ಕರೆಯುತ್ತಾರೆ. ನನ್ನಿಂದ ಕುಡಿದು ನೆಟ್ಟಗೆ ಮನೆಗೆ ಹೋದವರಲ್ಲಿ ಒಬ್ಬರೂ ನನಗೆ ಒಂದು ಲಾಡು ಕಳಿಸಿದ್ದಿಲ್ಲ.

ನನ್ನ ಕ್ರಮವೇ ಬೇರೆ. ಮೂರನೇ ಗ್ಲಾಸಿಗೆ ನಾನು ಮುಖ ನೋಡುತ್ತೇನೆ. ನಾಲ್ಕನೆಯದು ಕೇಳಿದರೆ ಊಟ ಆಯಿತಾ ಎಂದು ಕೇಳುತ್ತೇನೆ. ಐದನೆಯದಕ್ಕೆ ಕೈ ಚಾಚಿದರೆ, "ಸಾಕು," ಎನ್ನುತ್ತೇನೆ. ದೊಡ್ಡ ಸ್ವರ ಬೇಕಾಗಿಲ್ಲ, ಜಗಳವೂ ಬೇಕಾಗಿಲ್ಲ. ಅನ್ನ ಬಡಿಸುವಾಗ ಕೈ ಅಡ್ಡ ಹಿಡಿದು ಹೇಳುತ್ತೇವಲ್ಲ, ಅಷ್ಟೇ ಸಹಜವಾಗಿ ಹೇಳಬೇಕು. ಮೀಸೆ ತಿರುವಿಕೊಂಡು ಬಂದ ಎಂಥೆಂಥ ಗಂಡಸರು ಆ ಒಂದು ಮಾತಿಗೆ ಗ್ಲಾಸು ಕೆಳಗಿಟ್ಟು, ಶಾಲೆಯ ಹುಡುಗರ ಹಾಗೆ ಬೆಂಚಿಗೆ ಹೋಗಿ ಕುಳಿತಿದ್ದಾರೆ. ಅವರಿಗೆ ಬೇಕಾದದ್ದು ಅಷ್ಟೇ ಎಂದು ನನಗೆ ಅನೇಕ ಸಲ ಅನಿಸಿದ್ದುಂಟು.

ನನ್ನ ಈ ಗುಣ ಹಡಗಿನ ಯಜಮಾನರಾದ ಸದಾನಂದ ಧನಿಗಳಿಗೆ ಹಿಡಿಸಲಿಲ್ಲ. ಧನಿಗಳು ಬಹಳ ಜಾಗ್ರತೆಯ ಮನುಷ್ಯರು. ಜೀವಮಾನದಲ್ಲಿ ಯಾರಿಗೂ ಏನನ್ನೂ ಸುರಿದುಕೊಟ್ಟವರಲ್ಲ. ಮನೆಗೆ ನೆಂಟರು ಬಂದರೆ ಮಜ್ಜಿಗೆ ಬಡಿಸುವುದೂ ಅಡುಗೆಯವನೇ. ಹಡಗು ಕೊಂಡ ವರ್ಷವೇ ತಮ್ಮ ಅಂಗಳದ ಬಾವಿಗೆ ಚಪ್ಪಡಿ ಹಾಕಿಸಿ, ಅದರ ಮೇಲೆ ಹಾಲ್ ಎಳೆಸಿ, ಎಲ್ಲಿಂದಲೋ ತರಿಸಿದ ಬಿಳಿ ಕಲ್ಲು ಹಾಸಿದರು. ನೀರು ನಲ್ಲಿಯಲ್ಲಿ ಬರುವಾಗ ಬಾವಿ ಯಾಕೆ ಎಂದರು. ಹೌದಲ್ಲ ಎಂದು ನಾವೂ ತಲೆಯಾಡಿಸಿದೆವು.

"ಗುಲಾಬಿ, ನೀನು ಹಡಗಿನಲ್ಲಿ ಕುಡಿಸ್ಲಿಕ್ಕೆ ಇರುದೋ, ಬಾಲವಾಡಿ ನಡೆಸ್ಲಿಕ್ಕೆ ಇರುದೋ?" ಎಂದು ಒಂದು ದಿನ ಕರೆದು ಕೇಳಿದರು.

"ಕುಡಿಸ್ತೇನಲ್ಲ ಧನಿಗಳೇ. ಬೀಳುವಷ್ಟು ಕುಡಿಸುದಿಲ್ಲ ಅಷ್ಟೇ."

"ಅವರು ಬೀಳುದು ಬಿಡುದು ಅವರ ಖುಷಿ. ನಮಗೆಂತಕ್ಕೆ?"

ಮಳೆಗಾಲದ ರಜೆ ಮುಗಿದು ಹಡಗು ಮತ್ತೆ ಹೊರಟಾಗ ಬಾರಿನ ಗುರುತೇ ಸಿಗಲಿಲ್ಲ. ಬಾಟಲಿಗಳಿದ್ದ ಕಡೆ ಗೋಡೆಯುದ್ದಕ್ಕೂ ಹಿತ್ತಾಳೆಯ ನಲ್ಲಿಗಳು. ಪ್ರಯಾಣಿಕರ ಕೈಗೆ ಕೆಂಪು ಪಟ್ಟಿ ಕಟ್ಟಿದರೆ ಮುಗಿಯಿತು, ಟಿಕೆಟಿನಲ್ಲೇ ಎಲ್ಲ ಸೇರಿತು. ಗ್ಲಾಸು ಕೆಳಗಿಟ್ಟರೆ ನಲ್ಲಿ ತಾನೇ ತುಂಬಿಸುತ್ತದೆ. ಸುರಿಯುವವರು ಯಾರೂ ಇಲ್ಲ, ಆದ್ದರಿಂದ ಯಾರ ಬಾವಿಗೂ ಯಾರೂ ಬರುವಂತಿಲ್ಲ. ಸಾಲದ್ದಕ್ಕೆ, ನನ್ನ ಕುಡಿತಕ್ಕೆ ನಾನೇ ಹೊಣೆ ಎಂದು ಹತ್ತುವಾಗಲೇ ಒಂದು ಕಾಗದಕ್ಕೆ ಸಹಿ. ಧನಿಗಳು ಇದನ್ನೆಲ್ಲ ವಿವರಿಸಿದಾಗ ಇಡೀ ಊರು ಚಪ್ಪಾಳೆ ತಟ್ಟಿತು. ಇಷ್ಟು ವರ್ಷ ನಮಗೆ ಯಾಕೆ ಹೊಳೆಯಲಿಲ್ಲ ಎಂದು ಬೇಸರಪಟ್ಟವರೂ ಇದ್ದರು. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಸುಳ್ಳು ಯಾಕೆ ಹೇಳಲಿ, ಇನ್ನು ಸಾಯುವವರೆಗೆ ನನ್ನ ಗೇಟು ಹೀಗೇ ಇರುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ನಮ್ಮನ್ನು ಕೆಲಸದಿಂದ ತೆಗೆಯಲಿಲ್ಲ. ಲಿಗೋರಿಗೆ ಟೊಪ್ಪಿ ಹಾಕಿ ಬಾಗಿಲಲ್ಲಿ ನಿಲ್ಲಿಸಿದರು. ನನ್ನನ್ನು ನಲ್ಲಿಗಳ ಪಕ್ಕ.

"ಎಂತ ಮಾಡ್ಬೇಕು ನಾನು?" ಎಂದು ಕೇಳಿದೆ.

"ನಗಾಡ್ಬೇಕು," ಎಂದರು ಧನಿಗಳು. "ಅಷ್ಟೇ. ಆ 'ಸಾಕು' ಅನ್ನುವ ಶಬ್ದ ಇನ್ನು ನನ್ನ ಹಡಗಿನಲ್ಲಿ ಕೇಳ್ಬಾರ್ದು."

ನಕ್ಕೆ. ಆರು ತಿಂಗಳು ನಕ್ಕೆ. ಮೊದಮೊದಲು ಸಂಜೆ ಕೆನ್ನೆ ನೋಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು. ಬೀಳುವಷ್ಟು ಕುಡಿದವರು ಎಷ್ಟೋ ಜನ ಬಂದರು, ಆದರೆ ಅದೃಷ್ಟಕ್ಕೆ ಬೆಂಚಿನ ಮೇಲೆಯೇ ಬಿದ್ದರು.

ಆ ಶನಿವಾರ ಘಟ್ಟದ ಮೇಲಿನ ಕಡೆಯಿಂದ ಮರಿಗಂಗಯ್ಯ ಎಂಬ ಟೈಲರು ಬಂದಿದ್ದರು, ಜೊತೆಗೆ ಹೆಂಡತಿ ಪುಟ್ಟತಾಯಮ್ಮ. ಸೀರೆ ಅಂಗಡಿಯ ಲಕ್ಕಿ ಡಿಪ್ಪಿನಲ್ಲಿ ಬಂದ ಟಿಕೆಟಂತೆ. ಮನುಷ್ಯನಿಗೆ ಅರವತ್ತರ ಮೇಲೆ, ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯಲ್ಲಿ ತೆಗೆಯಲು ಮರೆತ ಅಳತೆ ಟೇಪು. ಹಡಗು ಅಲ್ಲಾಡಲು ಶುರುವಾದ ಕೂಡಲೇ ಪುಟ್ಟತಾಯಮ್ಮ ತಲೆ ಸುತ್ತುತ್ತದೆ ಎಂದು ನೆರಳಿನ ಕುರ್ಚಿಯಲ್ಲಿ ಮಲಗಿಬಿಟ್ಟರು. ಮರಿಗಂಗಯ್ಯನವರು ಕೈಯ ಕೆಂಪು ಪಟ್ಟಿಯನ್ನೂ ನಲ್ಲಿಯನ್ನೂ ನೋಡಿದರು. ಬಿಟ್ಟಿ ಸಿಕ್ಕಿದ್ದನ್ನು ಬಿಟ್ಟುಹೋದರೆ ಕೊಟ್ಟವರಿಗೆ ಬೇಸರವಾದೀತು ಎನ್ನುವ ಜಾತಿಯ ಒಳ್ಳೆಯ ಮನುಷ್ಯ. ಒಂದು ಗ್ಲಾಸು ಹಿಡಿದರು. ಪ್ರತಿ ಸಲವೂ ನನ್ನ ಕಡೆ ತಿರುಗಿ ಕೇಳುತ್ತಿದ್ದರು. "ತಾಯೀ, ಇನ್ನೊಂದು ಕುಡೀಬೋದಾ?"

ನಾನು ನಗುತ್ತಿದ್ದೆ. ಅವರು ಅದನ್ನೇ ಅಪ್ಪಣೆ ಎಂದುಕೊಂಡು ಗ್ಲಾಸು ಇಡುತ್ತಿದ್ದರು.

ನಾಲ್ಕಾಯಿತು. ಐದನೆಯದಕ್ಕೆ ಕೇಳಿದಾಗ ನಾಲಿಗೆಯ ತುದಿಗೆ ಆ ಶಬ್ದ ಬಂದಿತ್ತು. ಬಾಗಿಲಲ್ಲಿ ಧನಿಗಳು ನಿಂತಿದ್ದರು. ನುಂಗಿಕೊಂಡು ನಕ್ಕೆ. ಆರನೆಯದಕ್ಕೆ ಧನಿಗಳು ಅಲ್ಲಿರಲಿಲ್ಲ, ಆದರೂ ನಕ್ಕೆ. ಸುರಿಯುವುದು ನಲ್ಲಿ ತಾನೇ, ನನಗೇನು ಎಂದುಕೊಂಡೆ.

ಆರನೆಯ ಗ್ಲಾಸು ಖಾಲಿ ಮಾಡಿ ಮರಿಗಂಗಯ್ಯನವರು ಕಂಬಿಯ ಬಳಿ ಹೋದರು. ಅದನ್ನು ಮೇಲಿಂದ ಕೆಳಗೆ ನೋಡಿ, ಟೇಪು ಬಿಚ್ಚಿ ಅಳೆಯತೊಡಗಿದರು. "ಎರಡಿಂಚು ಗಿಡ್ಡ ಹೊಲ್ದವ್ರೆ ಇದನ್ನ," ಎಂದು ಗಂಭೀರವಾಗಿ ಹೇಳಿದರು. ಟೇಪಿನ ಕೆಳತುದಿ ಹೊರಗೆ ಜಾರಿತು. ಅದನ್ನು ಹಿಡಿಯಲು ಬಗ್ಗಿದವರು ನಡುವೆ ನನ್ನ ನೆನಪಾಗಿ ಖಾಲಿ ಗ್ಲಾಸು ಎತ್ತಿ ತಿರುಗಿದರು. "ತಾಯೀ, ಇನ್ನೊಂದು..." ಎಂದರು. ಅಷ್ಟರಲ್ಲಿ ಕಂಬಿಯಾಚೆ ಅವರ ಚಪ್ಪಲಿಯ ಎರಡು ಅಟ್ಟೆಗಳು ಮಾತ್ರ ಕಾಣಿಸಿದವು, ಆಮೇಲೆ ಅವೂ ಕಾಣಿಸಲಿಲ್ಲ.

ಹೊರಗಿನವರು ಕಿರುಚಿದರು. ನಮ್ಮವರು ಗಡಿಯಾರ ನೋಡಿ ಎಂದಿನಂತೆ ಕೇಳಿದರು. "ಸುರಿದವರು ಯಾರು?"

ಯಾರೂ ಇಲ್ಲ. ಗಂಜಿಗೆ ನೀರಿಡಿ ಎಂದು ಯಾರ ಮನೆಗೆ ಫೋನು ಮಾಡುವುದು? ಆಗ ನಮಗೆ ಹೊಳೆಯಿತು, ಯಾರ ಬಾವಿಗೂ ಬಾರದಿದ್ದರೆ ಮನುಷ್ಯ ಬರುವುದಾದರೂ ಎಲ್ಲಿಗೆ ಎಂದು. ಆರು ತಿಂಗಳ ಹಿಂದೆ ಚಪ್ಪಾಳೆ ತಟ್ಟುವಾಗ ಈ ಪ್ರಶ್ನೆ ಒಬ್ಬರ ತಲೆಗೂ ಬಂದಿರಲಿಲ್ಲ. ಎಚ್ಚರಗೊಂಡ ಪುಟ್ಟತಾಯಮ್ಮನಿಗೆ ಲಿಗೋರಿ ನಮ್ಮ ಊರಿನ ಕ್ರಮ ವಿವರಿಸಿದ. ಆಕೆ ಅಳಲಿಲ್ಲ. ಎದ್ದು ಸೀದಾ ನನ್ನ ಮುಂದೆ ಬಂದು ನಿಂತರು.

"ನೀನೇ ಅಲ್ವೇನವ್ವ ಆ ನಲ್ಲಿ ತಾವ ನಿಂತಿದ್ದೋಳು?"

"ನಿಂತಿದ್ದೆ. ಸುರಿಯಲಿಲ್ಲ."

"ಸುರ್ದ್ಯೋ ಬಿಟ್ಯೋ ನಂಗೊತ್ತಿಲ್ಲ. ನಿಮ್ಮನೇಗೇ ನಡಿ."

ಹಡಗು ದಡ ಮುಟ್ಟಿದ ಕೂಡಲೇ ಊರಿಗೆ ಊರೇ ಬಾವಿಗಳ ಬಳಿ ನಿಂತಿತು. ಕುಡಿತದ ವಾಸನೆ ಕಂಡರಾಗದ ಮನೆಗಳವರೂ, ಯಾರಿಗೆ ಗೊತ್ತು, ಎಂದು ಹಗ್ಗ ಇಳಿಬಿಟ್ಟರು. ನಾನು ನನ್ನ ಕಟ್ಟೆಯ ಮೇಲೆ ನಿಂತೆ. ನಿಜ ಹೇಳುತ್ತೇನೆ, ಮೊದಲ ಕಾಲು ಗಂಟೆ ನನ್ನ ಪ್ರಾರ್ಥನೆ ಇದ್ದದ್ದು ಒಂದೇ. ಎಲ್ಲಾದರೂ ಏಳಲಿ, ಇಲ್ಲಿ ಬೇಡ.

"ಕುಡ್ದೋರು ಅವ್ರೇ ತಾನೇ," ಎಂದರು ಪುಟ್ಟತಾಯಮ್ಮ ನೀರನ್ನೇ ನೋಡುತ್ತ. "ನಿಮ್ಮೂರ್ ಲೆಕ್ಕದಲ್ಲಿ ಅವ್ರಿಗೇನೂ ಪಾಲಿಲ್ವಾ?"

"ಉಂಟಲ್ಲ. ಯಾರೂ ಕೊಡದೆ ತಾವೇ ಹಾಕಿಕೊಂಡು ಕುಡಿದವರು ಅವರವರ ಬಾವಿಯಲ್ಲೇ ಏಳುದು. ನಿಮ್ಮ ಮನೆಯಲ್ಲಿ ಬಾವಿ ಉಂಟಾ?"

ಆಕೆಯ ಮುಖದ ಬಣ್ಣ ಇಳಿಯಿತು. "ಬೋರ್‌ವೆಲ್ ಕಣವ್ವ. ಆರಿಂಚು ಪೈಪು."

ಇಬ್ಬರೂ ಒಂದು ಕ್ಷಣ ಆ ಆರಿಂಚಿನ ಪೈಪಿನ ಬಗ್ಗೆ ಯೋಚಿಸಿದೆವು. ಆಕೆ ಗಡಬಡಿಸಿ ಫೋನು ತೆಗೆದು, ಅಂಗಳದ ಆಚೆ ತುದಿಗೆ ಹೋಗಿ, ನೆರೆಮನೆಯವಳಿಗೆ ಕೂಗಿ ಹೇಳತೊಡಗಿದರು. "ಸುಶೀಲಾ, ಮೋಟ್ರು ಹಾಕ್ಬ್ಯಾಡ ಕಣೇ! ಪೈಪಿಗೆ ಕಿವಿಗೊಟ್ಟು ಕೇಳು, ನಮ್ಮೆಜಮಾನ್ರು ಏನಾದ್ರೂ ಮಾತಾಡ್ತಾವ್ರಾ ನೋಡು!"

ಅದೇ ಹೊತ್ತಿಗೆ ನನ್ನ ಬಾವಿಯಲ್ಲಿ ಗುಳುಕ್ ಎಂದಿತು.

ಬಗ್ಗಿ ನೋಡಿದೆ. ಚಪ್ಪಲಿ. ಕಂದು ಬಣ್ಣದ್ದು, ಹೆಬ್ಬೆರಳಿನ ಉಂಗುರದ ಬಳಿ ದಪ್ಪ ದಾರದಲ್ಲಿ ತಾವೇ ಹೊಲಿದುಕೊಂಡದ್ದು. ಎಡಗಾಲಿನದು ಒಂದೇ. ಇನ್ನೊಂದಕ್ಕಾಗಿ ಕಾದೆ, ಬರಲಿಲ್ಲ. ಮನುಷ್ಯನೂ ಬರಲಿಲ್ಲ. ನೀರು ಮತ್ತೆ ಕನ್ನಡಿಯಂತಾಯಿತು.

ಕೊಡಪಾನ ಇಳಿಸಿ ಚಪ್ಪಲಿಯನ್ನು ಮೇಲೆತ್ತಿದೆ. ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಪುಟ್ಟತಾಯಮ್ಮನ ಬೆನ್ನು ನನ್ನ ಕಡೆಗಿತ್ತು. ಚಪ್ಪಲಿಯನ್ನು ಸೆರಗಿನ ಒಳಗೆ ಸೇರಿಸಿಕೊಂಡೆ. ಒಂಬತ್ತು ವರ್ಷ! ಬರೀ ನಕ್ಕದ್ದಕ್ಕೆ? ಮನುಷ್ಯನೇ ಬಂದಿಲ್ಲ, ಒಂಟಿ ಚಪ್ಪಲಿಗೆ ಏನು ಬೆಲೆ, ಒಲೆಗೆ ಹಾಕಿದರೆ ಮುಗಿಯಿತು ಎಂದುಕೊಂಡೆ. ಚಪ್ಪಲಿಯ ನೀರು ಸೀರೆಯೊಳಗಿಂದ ಇಳಿದು ನನ್ನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಉಪ್ಪುನೀರು, ತಣ್ಣಗೆ. ಚಪ್ಪಲಿ ಬಂದಿದೆ ಎಂದರೆ ಮನುಷ್ಯ ಎಲ್ಲೋ ಬಾವಿಯೊಂದರ ಹತ್ತಿರ ಬಂದಿದ್ದಾನೆ, ಜೀವದಿಂದ ಇದ್ದಾನೆ. ಅದನ್ನು ತಿಳಿದವಳು ಈ ಲೋಕದಲ್ಲಿ ನಾನೊಬ್ಬಳೇ.

ಅಷ್ಟರಲ್ಲಿ ಲಿಗೋರಿ ಓಡಿ ಬಂದ, ಹೆಗಲ ಮೇಲೆ ಹಗ್ಗ. "ನನ್ನಲ್ಲಿ ಇಲ್ಲ ಗುಲಾಬಕ್ಕ. ಯಾರಲ್ಲೂ ಇಲ್ಲ. ಇಲ್ಲಿ ಎಂತಾದ್ರೂ ಬಂತಾ?"

ಸೆರಗಿನಿಂದ ತೆಗೆದು ಅವನ ಮುಂದೆ ಹಿಡಿದೆ. ಪುಟ್ಟತಾಯಮ್ಮ ಫೋನನ್ನು ಹಾಗೇ ಬಿಟ್ಟು ಬಂದು ಚಪ್ಪಲಿ ಕಸಿದುಕೊಂಡು ಎದೆಗೆ ಒತ್ತಿದರು. "ಅವ್ರದ್ದೇ," ಎಂದರು. ಆಮೇಲೆ ನನ್ನ ಒದ್ದೆ ಸೆರಗನ್ನೂ ನನ್ನ ಮುಖವನ್ನೂ ನೋಡಿದರು.

"ಅವರು ನನ್ನ ಹತ್ತಿರ ಕೇಳಿದ್ರು," ಎಂದೆ. "ಕುಡೀಬಹುದಾ ಅಂತ. ಪ್ರತಿ ಸಲ ಕೇಳಿದ್ರು. ನಾನು ನಕ್ಕೆ."

"ಯಾಕವ್ವ ನಕ್ಕೆ?"

"ನಗ್ಲಿಕ್ಕೆ ಹೇಳಿದ್ರು."

"ಯಾರು?"

ಲಿಗೋರಿಯೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಹದಿನೇಳು ಜನರನ್ನು ಎಳೆದವನು ಅವನು, ಒಂಟಿ ಚಪ್ಪಲಿ ಅವನೂ ಕಂಡಿರಲಿಲ್ಲ. "ಧನಿಗಳಲ್ಲಿ ಬಾವಿ ಎಲ್ಲುಂಟು ಮಾರಾಯ್ತಿ?" ಎಂದ.

"ಇತ್ತಲ್ಲ. ಸಣ್ಣವರಿರುವಾಗ ನಾವು ಪೇರಳೆ ಕದ್ದು ತೊಳೆದದ್ದು ಎಲ್ಲಿ? ಈಗ ಆ ಬಿಳಿ ಕಲ್ಲಿನ ಕೆಳಗುಂಟು."

ಲಿಗೋರಿ ಶಿಲುಬೆಯ ಗುರುತು ಮಾಡಿಕೊಂಡ. ಆಮೇಲೆ ನನ್ನ ಕೊಟ್ಟಿಗೆಗೆ ನುಗ್ಗಿ ಹಾರೆ ತಂದ.

ಧನಿಗಳ ಮನೆಯಿಂದ ಬರುತ್ತಿದ್ದ ಗದ್ದಲ ಗೇಟಿನಾಚೆಗೂ ಕೇಳುತ್ತಿತ್ತು. ಟಿವಿ ಕೂಗುತ್ತಿತ್ತು, ರೇಡಿಯೋ ಕೂಗುತ್ತಿತ್ತು, ಅಡುಗೆಮನೆಯಲ್ಲಿ ಮಿಕ್ಸಿ ಅರಚುತ್ತಿತ್ತು. ಹಾಲಿನ ನಡುವೆ ದೊಡ್ಡ ಸೋಫಾ, ಅದರ ಮೇಲೆ ಧನಿಗಳು, ಅವರ ಎರಡು ಕಾಲುಗಳೂ ನೆಲ ಬಿಟ್ಟು ಮೇಲೆ. ಅಷ್ಟು ಹೊತ್ತಿಗೆ ನಮ್ಮ ಹಿಂದೆ ಅರ್ಧ ಊರು ಸೇರಿತ್ತು.

"ಎಂತ ಗುಲಾಬಿ, ಎಲ್ಲರನ್ನೂ ಕಟ್ಟಿಕೊಂಡು ಬಂದದ್ದು?" ಎಂದು ಧನಿಗಳು ಟಿವಿಗಿಂತ ಜೋರಾಗಿ ಕೂಗಿದರು. "ಇಲ್ಲಿ ಬಾವಿಯೇ ಇಲ್ಲ!"

ನಾನು ಅಡುಗೆಮನೆಗೆ ಹೋದೆ. ಅಡುಗೆಯವನು ಖಾಲಿ ಮಿಕ್ಸಿಯನ್ನು ತಿರುಗಿಸುತ್ತ ನಿಂತಿದ್ದ, ಮುಖದಲ್ಲಿ ಬೆವರು. ನನ್ನನ್ನು ನೋಡಿ ತಾನೇ ಸ್ವಿಚ್ಚು ಆರಿಸಿದ. ಲಿಗೋರಿ ಟಿವಿ, ರೇಡಿಯೋಗಳ ಕುತ್ತಿಗೆ ಹಿಚುಕಿದ. ಮನೆ ಥಟ್ಟನೆ ಸುಮ್ಮನಾಯಿತು.

ನೆಲದೊಳಗಿಂದ ಕೇಳಿಸಿತು. ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು, ಮೆಲ್ಲಗೆ ಇನ್ನೊಂದು, ಟಕ್.

"ಹೆಗ್ಗಣ," ಎಂದರು ಧನಿಗಳು.

ಪುಟ್ಟತಾಯಮ್ಮ ಬಿಳಿ ಕಲ್ಲಿನ ಮೇಲೆ ಮಂಡಿಯೂರಿ ಕಿವಿಯಿಟ್ಟರು. ಈಗ ಆಕೆಯ ಕಣ್ಣಿನಲ್ಲಿ ನೀರು ಬಂತು. "ನಮ್ಮೆಜಮಾನ್ರೇ! ಮೂವತ್ತೆಂಟ್ ವರ್ಸದಿಂದ ಕೇಳೀವ್ನಿ ಈ ಸದ್ದ. ತಡವಾಗ್ ಬಂದ್ರೆ ಹಿಂಗೇಯ ಕದ ತಟ್ಟೋದು. ಮೊದ್ಲು ಮೂರು, ಆಮ್ಯಾಲೆ ತಪ್ಪಾಯ್ತು ಅಂತ ಒಂದು."

"ನೋಡಿ ಅಮ್ಮಾ," ಎಂದು ಧನಿಗಳು ಜೇಬಿನಿಂದ ಕಾಗದ ತೆಗೆದರು, ಸಿದ್ಧವಾಗಿಯೇ ಇಟ್ಟುಕೊಂಡಿದ್ದರು. "ಅವರೇ ಸೈನ್ ಮಾಡಿದ್ದು. ಅವರ ಕುಡಿತಕ್ಕೆ ಅವರೇ ಹೊಣೆ ಅಂತ ಬರೆದುಂಟು."

"ಅದನ್ನ ಕೆಳೀಕೆ ಕೊಡ್ರಪ್ಪ, ಅವ್ರೇ ಓದ್ಕಳ್ಳಿ," ಎಂದರು ಪುಟ್ಟತಾಯಮ್ಮ. "ಹೆಂಗ್ ಕೊಡ್ತೀರಿ? ಕಲ್ಲೆಬ್ಬಿಸ್ಬೇಕು ತಾನೇ?"

"ಈ ಕಲ್ಲು ಎಲ್ಲಿಂದ ಬಂದದ್ದು ಗೊತ್ತುಂಟಾ ನಿಮಗೆಲ್ಲ?" ಎಂದು ಧನಿಗಳು ಸೋಫಾದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು.

ಕೆಳಗಿನ ಟಕ್ ಎರಡಕ್ಕೆ ಇಳಿದಿತ್ತು. ಆಮೇಲಿನ ಒಂದು ಕೇಳಿಸಲೇ ಇಲ್ಲ. ನಾನು ಅವರ ಎದುರು ಹೋಗಿ ನಿಂತೆ. "ಧನಿಗಳೇ, ಒಂದು ಚಪ್ಪಲಿ ನನ್ನ ಬಾವಿಗೆ ಬಂದಿದೆ. ನಾನು ಅದನ್ನು ಅಡಗಿಸಿದೆ, ಇವರ ಬೆನ್ನ ಹಿಂದೆಯೇ. ನನಗೆ ಆದ ಮರ್ಯಾದೆಯೇ ಸಾಲದಾ? ನೀವು ಮನುಷ್ಯನನ್ನೇ ಅಡಗಿಸ್ಬೇಡಿ."

ಅವರು ಏಳಲಿಲ್ಲ. ನಾಲ್ಕು ಜನ ಸೋಫಾವನ್ನು ಧನಿಗಳ ಸಮೇತ ಎತ್ತಿ, ಗೋಡೆಯ ಬದಿಗೆ ಇಟ್ಟರು. ಎತ್ತುವಾಗ ಅವರು ಗೋಡೆಗೆ ತಾಗೀತು, ಜಾಗ್ರತೆ ಎಂದು ಅಭ್ಯಾಸಬಲದಿಂದ ಹೇಳಿದರು. ಲಿಗೋರಿ ಹಾರೆ ಎತ್ತಿ ಹೊಡೆದ. ಬಿಳಿ ಕಲ್ಲು ಮೂರನೆಯ ಏಟಿಗೆ ಬಿರಿಯಿತು, ಅದರ ಕೆಳಗಿನ ಚಪ್ಪಡಿ ಹನ್ನೆರಡು ಏಟು ತಿಂದಿತು. ತೂತಿನೊಳಗಿಂದ ಹಳೆಯ ನೀರಿನ ವಾಸನೆ ಮೇಲೆ ಬಂತು. ಬಗ್ಗಿ ನೋಡಿದರೆ, ಕುತ್ತಿಗೆಯವರೆಗಿನ ನೀರಿನಲ್ಲಿ, ಬಾವಿಯ ಕಲ್ಲಿನ ಮೆಟ್ಟಿಲಿಗೆ ಒರಗಿಕೊಂಡು ಮರಿಗಂಗಯ್ಯ. ತುಟಿ ನೀಲಿಯಾಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಟೇಪು ಕಿವಿಗೆ ಸುತ್ತಿಕೊಂಡಿತ್ತು.

ಹಗ್ಗ ಬಿಟ್ಟು, ಲಿಗೋರಿ ಇಳಿದು ಅವರ ಕಂಕುಳಿಗೆ ಕುಣಿಕೆ ಬಿಗಿದು ಮೇಲೆ ಬಂದ. ಬಾವಿ ಯಾರದೋ ಅವರದ್ದೇ ಹಗ್ಗದಲ್ಲಿ ಮೊದಲ ಕೈ ಇರಬೇಕು, ಅದು ಕ್ರಮ. ನಾನು ಹಗ್ಗದ ತುದಿಯನ್ನು ಧನಿಗಳ ಮುಂದೆ ಹಿಡಿದೆ. ಎಲ್ಲರೂ ನೋಡುತ್ತಿದ್ದರು, ಅಡುಗೆಯವನು ಕೂಡ. ಧನಿಗಳು ಸೋಫಾದಿಂದ ಇಳಿದು ಬಂದು ಹಗ್ಗ ಹಿಡಿದರು. ಜನ್ಮದಲ್ಲಿ ಹಗ್ಗ ಎಳೆದ ಕೈಯಲ್ಲ, ಎರಡು ಮೊಳ ಬರುವಷ್ಟರಲ್ಲಿ ಅಂಗೈ ಕಿತ್ತು ಬಂತು. ಬಿಡಲಿಲ್ಲ. ಆ ಮಟ್ಟಿಗೆ ಅವರನ್ನು ಮೆಚ್ಚಬೇಕು. ಅವರ ಹಿಂದೆ ನಾನು, ನನ್ನ ಹಿಂದೆ ಲಿಗೋರಿ.

ಮರಿಗಂಗಯ್ಯನವರನ್ನು ಒಡೆದ ಕಲ್ಲಿನ ಅಂಚಿನಲ್ಲಿ ಕೂರಿಸಿದೆವು. ಬಲಗಾಲಿನ ಚಪ್ಪಲಿ ಕಾಲಲ್ಲೇ ಇತ್ತು. ಪುಟ್ಟತಾಯಮ್ಮ ತಲೆ ಒರೆಸಿ, ಬೆನ್ನು ತಿಕ್ಕಿ, ನಡುನಡುವೆ ಬೆನ್ನಿಗೆ ಒಂದು ಗುದ್ದನ್ನೂ ಕೊಟ್ಟರು. ಆ ಮನುಷ್ಯ ಒಮ್ಮೆ ಬಿಕ್ಕಳಿಸಿದರು. ಕಣ್ಣು ತೆರೆದು, ಅಷ್ಟು ಜನರ ನಡುವೆ ಹುಡುಕಿ, ನನ್ನನ್ನು ಕಂಡು ಮುಖ ಅರಳಿಸಿದರು.

"...ಕುಡೀಬೋದಾ?" ಎಂದರು.

ಆರು ತಿಂಗಳ ಅಭ್ಯಾಸ, ನನ್ನ ತುಟಿಗಳು ತಾವಾಗಿಯೇ ಅಗಲವಾಗಲು ಹೊರಟವು. ಎಳೆದು ಹಿಡಿದೆ.

"ಸಾಕು," ಎಂದೆ.

"ಆಗ್ಲಿ ತಾಯಿ," ಎಂದರು ಮರಿಗಂಗಯ್ಯ ತಕ್ಷಣ. ನೆಮ್ಮದಿಯಿಂದ ಹೆಂಡತಿಯ ಹೆಗಲಿಗೆ ತಲೆಯಿಟ್ಟರು. "ಹಂಗಂತ ಆಗ್ಲೇ ಹೇಳಿದ್ರೆ ಆಗ್ತಿತ್ತಲ್ಲ. ನಂಗೂ ಮೂರಕ್ಕೇ ಸಾಕಾಗಿತ್ತು."

ಜನ ನಕ್ಕರು. ನನಗೆ ನಗು ಬರಲಿಲ್ಲ. ಹಿತ್ತಿಲಿಗೆ ಹೋಗಿ, ಪೇರಳೆ ಮರದ ಬುಡದಲ್ಲಿ ನಿಂತು, ಮನಸಾರೆ ಅತ್ತೆ.

ಮೂರು ದಿನವನ್ನು ಅವರು ಒಂದೂವರೆ ದಿನ ಧನಿಗಳ ಮನೆಯಲ್ಲಿ, ಒಂದೂವರೆ ದಿನ ನನ್ನ ಮನೆಯಲ್ಲಿ ಕಳೆದರು. ಧನಿಗಳ ಮನೆಯಲ್ಲಿ ಊಟಕ್ಕೆ ಕುಳಿತಾಗ ಮಜ್ಜಿಗೆ ಬಡಿಸಲು ಅಡುಗೆಯವನು ಬಂದನಂತೆ. ಧನಿಗಳು ಸೌಟು ತೆಗೆದುಕೊಂಡು ತಾವೇ ಬಡಿಸಿದರಂತೆ, ಕೈಗೆ ಪಟ್ಟಿ ಸುತ್ತಿಕೊಂಡೇ. ನನ್ನ ಮನೆಯಲ್ಲಿ ಮರಿಗಂಗಯ್ಯ ನನ್ನ ಎರಡು ರವಿಕೆಗಳ ತೋಳು ಬಿಚ್ಚಿ ಸರಿಯಾಗಿ ಹೊಲಿದುಕೊಟ್ಟರು. ಹೊರಡುವ ಮೊದಲು ಹಡಗಿಗೆ ಹೋಗಿ ಕಂಬಿಯನ್ನು ಮತ್ತೊಮ್ಮೆ ಅಳೆದು, ಎರಡಿಂಚು ಏರಿಸುವವರೆಗೆ ಬೆಸುಗೆಯವನ ಪಕ್ಕದಲ್ಲೇ ನಿಂತಿದ್ದರು. ಊರಿಗೆ ಹೋದದ್ದು ಲಿಗೋರಿ ಕೊಟ್ಟ ಚಪ್ಪಲಿಯಲ್ಲಿ.

ಬಲಗಾಲಿನದು ಧನಿಗಳ ಗೇಟಿನಲ್ಲಿದೆ. ಒಂದೆರಡು ಸಲ ಅದರ ಮುಂದೆ ಕಾಗದದ ಹೂವಿನ ಬಳ್ಳಿ ಹಬ್ಬಿಸಲು ನೋಡಿದರು, ಬಳ್ಳಿ ಹಿಡಿಯಲಿಲ್ಲ. 'ಸಾಗರಸುಂದರಿ'ಯ ನಲ್ಲಿಗಳು ಹಾಗೇ ಇವೆ. ಅವುಗಳ ಪಕ್ಕ ನಾನು ನಿಲ್ಲುತ್ತೇನೆ, ಬೇಕಾದಾಗ ಸಾಕು ಎನ್ನುತ್ತೇನೆ. ನಗು ಎಂದು ನನಗೆ ಯಾರೂ ಹೇಳುವುದಿಲ್ಲ.

ಮದುವೆಯ ನೀರು ಈಗ ಬೇರೆ ಬಾವಿಯಿಂದ ಹೋಗುತ್ತದೆ. ನನ್ನ ಗೇಟಿಗೆ ಎಡಗಾಲಿನ ಚಪ್ಪಲಿಯನ್ನು ಕಟ್ಟಿದವಳು ನಾನೇ, ಮನುಷ್ಯ ಎದ್ದದ್ದು ಧನಿಗಳಲ್ಲಿ, ನಿನಗೆ ಇದು ಬೇಡ ಎಂದು ಊರಿನವರು ಹೇಳಿದರೂ ಕೇಳಲಿಲ್ಲ. ಹೊಸಬರು ದಾರಿಯಲ್ಲಿ ನಿಂತು ಅದನ್ನೇ ನೋಡುತ್ತಾರೆ. ಬೇರೆ ಗೇಟುಗಳಲ್ಲಿ ಜೊತೆ ಇದೆ, ಇಲ್ಲೇಕೆ ಒಂದೇ, ಯಾರಿಗೆ ಏನು ಸುರಿದಿರಿ ಎಂದು ಕೇಳುತ್ತಾರೆ.

"ಎಂತದೂ ಸುರಿಯಲಿಲ್ಲ," ಎನ್ನುತ್ತೇನೆ. "ಒಬ್ಬರು ಕೇಳಿದ್ರು, ನಾನು ನಕ್ಕೆ."